ಹತ್ತನೇ ಮಹಡಿಯ ಪಾಯ

ಹತ್ತನೇ ಮಹಡಿಯಲ್ಲಿ ಪಾಯದ ಪೂಜೆ ಮಾಡಿದವರನ್ನು ನೀವು ಕಂಡಿರಲಿಕ್ಕಿಲ್ಲ. ಅರೆಕೆರೆಯ ತಿಮ್ಮಕ್ಕ ಮಾಡಿದ್ದಳು. ಮಾಡಿ, ಬಾಯಿಗೆ ಬೀಗ ಹಾಕಿಕೊಂಡು, ಎರಡು ವರ್ಷ ಮನೆಯವರ ಮುಂದೆ ಏನೂ ಅರಿಯದವಳಂತೆ ಓಡಾಡಿಕೊಂಡಿದ್ದಳು. ಎರಡು ಸಾವಿರದ ಎಂಟರ ಶ್ರಾವಣದ ಒಂದು ಬೆಳಿಗ್ಗೆ ಮೊಮ್ಮಗ ಮನೋಜ್ ಹಾಲಿನ ಗೋಡೆಯ ಮೇಲೆ ಪೆನ್ಸಿಲ್ಲಿನಿಂದ ನಾಲ್ಕು ಗುರುತು ಹಾಕಿ, "ಅಜ್ಜಿ, ಹೊಸ ಟಿ.ವಿ. ಇಲ್ಲೇ ಬರೋದು. ಡ್ರಿಲ್ ಮಾಡೋಕೆ ಹನ್ನೊಂದಕ್ಕೆ ಬರ್ತಾರೆ" ಎಂದು ಹೇಳಿ ಕಾಲೇಜಿಗೆ ಹೋದ. ಅವನು ಹೋಗಿದ್ದೇ ತಡ, ತಿಮ್ಮಕ್ಕ ಗೋಡೆಯ ಹತ್ತಿರ ಹೋಗಿ ಒಂದೊಂದೇ ಗುರುತು ಮುಟ್ಟಿ ನೋಡಿದಳು. ನಾಲ್ಕೂ ಗುರುತು ಬಿದ್ದದ್ದು ಅವಳ ಗುಟ್ಟಿನ ನೆತ್ತಿಯ ಮೇಲೆಯೇ.

ಗುಟ್ಟು ಇಷ್ಟು. ಈಗ ಹದಿನೆಂಟು ಮಹಡಿ ಎದ್ದು ನಿಂತಿರುವ ಜಾಗದಲ್ಲಿ ಹಿಂದೆ ತಿಮ್ಮಕ್ಕನ ಮನೆಯವರ ಎರಡು ಎಕರೆ ಹೊಲವಿತ್ತು, ಹೊಲದ ಮೂಲೆಯಲ್ಲಿ ಹೆಂಚಿನ ಮನೆಯಿತ್ತು. ಮಗ ಬೈರಣ್ಣ ಅದನ್ನು ಬಿಲ್ಡರಿಗೆ ಕೊಟ್ಟು, ಬದಲಿಗೆ ಫ್ಲಾಟುಗಳನ್ನು ಬರೆಸಿಕೊಂಡ. ಕಟ್ಟಡಕ್ಕೆ ನಾಲಿಗೆ ಹೊರಳದ ಒಂದು ಇಂಗ್ಲಿಷ್ ಹೆಸರು ಬಂತು. ಹೊಲ ಹೋಯಿತೆಂದು ತಿಮ್ಮಕ್ಕ ಅತ್ತಳು ಅಂತ ನೀವು ಅಂದುಕೊಂಡರೆ ಅದು ಶುದ್ಧ ಸುಳ್ಳು. ನಲವತ್ತು ವರ್ಷ ರಾಗಿ ಹೊಲದಲ್ಲಿ ಕಳೆ ಕಿತ್ತ ಸೊಂಟ ಅವಳದು; ಲಿಫ್ಟು, ನಲ್ಲಿಯಲ್ಲಿ ಬಿಸಿನೀರು, ಎಲ್ಲವೂ ಅವಳಿಗೆ ಖುಷಿಯೇ. ಬೇಜಾರಾದದ್ದು ಒಂದೇ ವಿಷಯಕ್ಕೆ. ಹಳೆಯ ಮನೆ ಕೆಡವುವಾಗ ಜೆ.ಸಿ.ಬಿ.ಯ ಹಲ್ಲಿಗೆ ಸಿಕ್ಕಿ ಪಾಯದಿಂದ ಮುಷ್ಟಿಗಾತ್ರದ ತಾಮ್ರದ ಚೆಂಬೊಂದು ಮೇಲೆ ಬಂದಿತ್ತು. ಮದುವೆಯಾದ ಮರುವರ್ಷ ಅವಳ ಗಂಡ ಆ ಮನೆಯ ಪಾಯ ಹಾಕಿದಾಗ, ನವಧಾನ್ಯ, ಒಂದು ಬೆಳ್ಳಿ ರೂಪಾಯಿ, ಅವಳ ತಾಳಿಯ ಒಂದು ಚಿನ್ನದ ಗುಂಡು ಹಾಕಿ, ಬಾಯಿಗೆ ಅರಗು ಮೆತ್ತಿ ತನ್ನ ಕೈಯಾರೆ ಇಟ್ಟ ಚೆಂಬು ಅದು. ಈಗ ಆ ಗಂಡನಿಲ್ಲ. ಚೆಂಬನ್ನು ಸೆರಗಿನಲ್ಲಿ ಒರೆಸಿಕೊಂಡು, "ಇದನ್ನ ಹೊಸ ಮನೆ ಪಾಯಕ್ಕೆ ಹಾಕಾನ ಕಣೋ" ಎಂದು ಅವಳು ಮಗನನ್ನು ಕೇಳಿದ್ದಳು.

ಬೈರಣ್ಣ ಆ ದಿನ ಯಾವುದೋ ಕಾಗದಪತ್ರದ ತಲೆಬಿಸಿಯಲ್ಲಿದ್ದ. "ಹತ್ತನೇ ಮಹಡಿಗೆ ಎಲ್ಲಿಂದ ಬರ್ತದಮ್ಮ ಪಾಯ? ಪಾಯ ಬಿಲ್ಡರ್‌ದು, ಗಾಳಿ ನಮ್ದು. ಸುಮ್ನೆ ತಗೊಂಡೋಗಿ ಕೆರೇಲಿ ಬಿಡು" ಎಂದುಬಿಟ್ಟ. ತಿಮ್ಮಕ್ಕ ಎರಡು ದಿನ ಮಾತು ಬಿಟ್ಟಳು. ಮೂರನೇ ದಿನ, "ಬಿಟ್ಟು ಬಂದೆ ಕಣೋ ಕೆರೆಗೆ" ಎಂದಳು. ಬಿಟ್ಟಿರಲಿಲ್ಲ. ಪಾಯವಿಲ್ಲದ ಮನೆಯಲ್ಲಿ ಸಂಸಾರ ಮಾಡುವುದು ಹೇಗೆ ಎಂದು ಯೋಚಿಸಿ ಯೋಚಿಸಿ, ಕಟ್ಟಡದಲ್ಲೇ ಕೆಲಸಕ್ಕಿದ್ದ ಊರಿನ ಗಾರೆ ಮೇಸ್ತ್ರಿ ಗುಂಡಣ್ಣನನ್ನು ಹಿಡಿದಳು. ದೇವಸ್ಥಾನಕ್ಕೆ ಹೋಗುತ್ತೇನೆಂದು ಮನೆಯಲ್ಲಿ ಹೇಳಿ, ಚೆಂಬು, ಅರಿಶಿನ ಕುಂಕುಮ, ಹೊಲದ ಕೆಮ್ಮಣ್ಣು ಕಟ್ಟಿಕೊಂಡು ಅವನ ಜೊತೆ ಮೆಟ್ಟಿಲು ಹತ್ತಿದಳು. ಆಗಿನ್ನೂ ಲಿಫ್ಟು ಬಂದಿರಲಿಲ್ಲ, ಗೋಡೆಗಳ ಮೇಲೆ ನಂಬರೂ ಇರಲಿಲ್ಲ. ಕೆಳಗಿನದು ಒಂದು, ಅದರ ಮೇಲಿನದು ಎರಡು ಎಂದು ಒಂದೊಂದೇ ಬೆರಳು ಮಡಿಸುತ್ತಾ, ಹತ್ತೂ ಬೆರಳು ಮುಗಿದಾಗ ಏದುಸಿರು ಬಿಡುತ್ತಾ ನಿಂತಳು. ಹಾಲಿನ ಈಶಾನ್ಯದ ಗೋಡೆ ಆಗಲೇ ಎದೆಮಟ್ಟ ಬಂದಿತ್ತು. ಗುಂಡಣ್ಣ ಒಂದು ಸಿಮೆಂಟ್ ಇಟ್ಟಿಗೆಯ ಹೊಟ್ಟೆ ಬಗೆದು ಗೂಡು ಮಾಡಿಕೊಟ್ಟ. ಅವಳು ಚೆಂಬಿಟ್ಟು, ಸುತ್ತ ಕೆಮ್ಮಣ್ಣು ಒತ್ತಿ, ಕರ್ಪೂರ ಹಚ್ಚಿ ಕೈಮುಗಿದಳು. ಗುಂಡಣ್ಣ ಮೇಲೆ ಗಾರೆ ಎಳೆದ. ಅಂದಿನಿಂದ ತಿಮ್ಮಕ್ಕನಿಗೆ ಆ ಮನೆ ತನ್ನದಾಯಿತು.

ಈಗ ಅದೇ ಎದೆಮಟ್ಟದಲ್ಲಿ ನಾಲ್ಕು ಪೆನ್ಸಿಲ್ ಗುರುತು.

"ಗೌರಾ, ಟಿ.ವಿ.ನ ಆ ಕಡೆ ಗೋಡೆಗೆ ಹಾಕಿಸಬಾರ್ದಾ?" ಎಂದು ಅವಳು ಸೊಸೆಯನ್ನು ಕೇಳಿದಳು.

"ಆ ಕಡೆ ಬಾಲ್ಕನಿ ಬಿಸಿಲು ಬೀಳ್ತದೆ ಅತ್ತೆ, ಏನೂ ಕಾಣಲ್ಲ" ಎಂದಳು ಗೌರಮ್ಮ.

"ಹಂಗಾದ್ರೆ ಹಳೇದರ ಥರ ಮೇಜಿನ ಮೇಲೇ ಇಡಿ."

"ಇಷ್ಟು ದೊಡ್ಡ ಟಿ.ವಿ. ತಂದು ಮೇಜಿನ ಮೇಲಾ? ನಿಮ್ಮ ಮೊಮ್ಮಗ ಮನೇಲಿ ಅನ್ನ ತಿನ್ನಲ್ಲ ಅಷ್ಟೆ."

ಮಾತು ಅಲ್ಲಿಗೆ ಮುಗಿಯಿತು. ಹನ್ನೊಂದಕ್ಕೆ ಸರಿಯಾಗಿ ಬಾಗಿಲ ಗಂಟೆ ಹೊಡೆದುಕೊಂಡಿತು. ಹೆಗಲಿಗೆ ಉಪಕರಣಗಳ ಚೀಲ ಹಾಕಿಕೊಂಡಿದ್ದ ಇಪ್ಪತ್ತೇಳು ಇಪ್ಪತ್ತೆಂಟರ ಯುವಕ. ಹೆಸರು ಬಸವಂತ, ಊರು ಬೈಲಹೊಂಗಲದ ಹತ್ತಿರ, ಇಲ್ಲಿ ಬಿ.ಟಿ.ಎಂ. ಲೇಔಟಿನಲ್ಲಿ ರೂಮು. ಇದನ್ನೆಲ್ಲ ತಿಮ್ಮಕ್ಕ ಅವನು ಚಪ್ಪಲಿ ಬಿಡುವುದರೊಳಗೆ ಕೇಳಿ ತಿಳಿದುಕೊಂಡಳು. ಮಾತಿನಲ್ಲಿ ತಡೆದಷ್ಟೂ ಹೊತ್ತು ಆ ಡ್ರಿಲ್ಲು ಚೀಲದಲ್ಲೇ ಇರುತ್ತದಲ್ಲ ಎಂಬ ಲೆಕ್ಕ ಅವಳದು.

"ಅಮ್ಮಾರ, ಟಿ.ವಿ. ಎಲ್ಲಿ ಹಚ್ಚಬೇಕ್ರಿ?" ಎಂದ ಬಸವಂತ.

ತಿಮ್ಮಕ್ಕ ಹೌಹಾರಿದಳು. "ಹಚ್ಚೋದಾ? ಹಚ್ಚೋಕೆ ಅದೇನು ದೀಪವೇನಪ್ಪಾ? ಗೌರಾ, ಬಾ ಇಲ್ಲಿ, ಇವನು ಟಿ.ವಿ.ಗೆ ಬೆಂಕಿ ಹಚ್ಚೋಕೆ ಬಂದವ್ನೆ!"

ಗೌರಮ್ಮ ನಗುತ್ತಾ ಬಂದಳು. "ಅವರ ಕಡೆ ಮಾತು ಹಂಗೆ ಅತ್ತೆ. ನಮ್ಮ ಬಾಡಿಗೆ ಮನೆಯವರೂ ಹಂಗೇ ಅಂತಾರೆ. ಗೋಡೆಗೆ ಹಾಕೋದಕ್ಕೂ ಹಚ್ಚೋದು, ಆನ್ ಮಾಡೋದಕ್ಕೂ ಹಚ್ಚೋದು."

"ಎರಡೂ ನಾನ ಮಾಡ್ತೇನ್ರಿ" ಎಂದು ಬಸವಂತನೂ ನಕ್ಕ. "ಆದ್ರ ಎತ್ತಿ ಕೂಡ್ಸಾಕ ಇನ್ನೊಬ್ರು ಗಂಡಸರು ಬೇಕ್ರಿ. ನನ್ನ ಜೋಡಿ ಬರೂ ಮನಷ್ಯಾ ಇವತ್ತ ರಜಾ ಹಾಕ್ಯಾನ."

ಬೈರಣ್ಣ ಊಟದ ಹೊತ್ತಿಗೆ ಬರುವವನಿದ್ದ. ಅಷ್ಟರೊಳಗೆ ತೂತು ಕೊರೆದು ಕಬ್ಬಿಣದ ಚೌಕಟ್ಟು ಕೂರಿಸಿಟ್ಟಿರುವುದು ಎಂದಾಯಿತು. ಧೂಳು ಕಂಡರೆ ಸೀನುವ ಗೌರಮ್ಮ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಹಾಲಿನಲ್ಲಿ ಉಳಿದದ್ದು ಬಸವಂತ, ತಿಮ್ಮಕ್ಕ ಮತ್ತು ಆ ಗೋಡೆ.

ತಿಮ್ಮಕ್ಕ ಕಾಫಿ ಕೊಟ್ಟಳು. ಚಕ್ಕುಲಿ ಕೊಟ್ಟಳು. ಅವನ ತಾಯಿಯ ಮಂಡಿನೋವಿನ ತನಕ ವಿಚಾರಿಸಿದಳು. ಕೊನೆಗೆ ಅವನು ಎದ್ದು ಡ್ರಿಲ್ಲು ಕೈಗೆತ್ತಿಕೊಂಡಾಗ ತಡೆಯಲಾರದೆ, "ಸ್ವಲ್ಪ ನೋಡ್ಕೊಂಡು ಮಾಡಪ್ಪ. ಆ ಗೋಡೆ ಒಳಗೆ ಏನೋ ಐತೆ ಅಂತಾರೆ" ಎಂದಳು.

ಬಸವಂತನ ಮುಖ ಕಪ್ಪಿಟ್ಟಿತು. "ಏನೈತ್ರಿ? ಪೈಪ ಐತೇನ್ರಿ?"

"ಪೈಪು ಗೀಪು ನಂಗೊತ್ತಿಲ್ಲ. ಸುಮ್ನೆ ಅಂದೆ."

"ಸುಮ್ನ ಹಂಗ ಅನ್ನಬ್ಯಾಡ್ರಿ ಅಮ್ಮಾರ. ನನಗ ಎದಿ ಒಡದಂಗ ಆಗತೈತಿ." ಅವನು ಡ್ರಿಲ್ಲು ಕೆಳಗಿಟ್ಟು ಗೋಡೆಗೆ ಕಿವಿಯಾನಿಸಿದ. ಬೆರಳ ಗೆಣ್ಣಿನಿಂದ ಗುರುತುಗಳ ಸುತ್ತ ಒಂದೊಂದೇ ಇಂಚು ತಟ್ಟಿ ತಟ್ಟಿ ಕೇಳಿದ. ಇಷ್ಟು ಅಂಜುಬುರುಕನನ್ನು ಯಾರು ಈ ಕೆಲಸಕ್ಕೆ ಇಟ್ಟುಕೊಂಡರೋ ಎಂದು ತಿಮ್ಮಕ್ಕನಿಗೇ ಅನಿಸಿತು. ಆದರೆ ಅವನು ಅಂಜಿದಷ್ಟೂ ಚೆಂಬಿಗೆ ಒಳ್ಳೆಯದೇ ತಾನೇ?

ತಟ್ಟಿ ಮುಗಿಸಿ, ಏನೂ ಇಲ್ಲವೆಂದು ತನಗೆ ತಾನೇ ಹೇಳಿಕೊಂಡು, ಅವನು ಮೊದಲ ಗುರುತಿಗೆ ಡ್ರಿಲ್ಲಿಟ್ಟ. ಗುರ್ ಎಂಬ ಸದ್ದು ಹಲ್ಲಿನ ಬೇರಿನ ತನಕ ಇಳಿಯಿತು. ತಿಮ್ಮಕ್ಕ ಸೆರಗಿನ ತುದಿ ಬಾಯಿಗಿಟ್ಟುಕೊಂಡು, ಕಣ್ಣು ಮುಚ್ಚಿ, ಮನೆದೇವರನ್ನು ಕರೆದಳು. ಚೆಂಬಿಗೆ ತೂತು ಬಿದ್ದರೆ ಗಂಡ ಇಟ್ಟ ಪಾಯಕ್ಕೇ ತೂತು ಬಿದ್ದಂತೆ. ಅದರ ಮೇಲೆ, ಕೆರೆಗೆ ಬಿಟ್ಟೆನೆಂದು ಹೇಳಿದ ಸುಳ್ಳು ಹೊರಬಿದ್ದರೆ ಮಗನ ಮುಖವನ್ನು ನೋಡುವುದು ಹೇಗೆ? ಸದ್ದು ನಿಂತಿತು. ಕಣ್ಣು ಬಿಟ್ಟು ನೋಡಿದರೆ ನೆಲಕ್ಕೆ ಹಾಸಿದ್ದ ಪೇಪರಿನ ಮೇಲೆ ಬಿದ್ದದ್ದು ಬೂದು ಬಣ್ಣದ ಸಿಮೆಂಟ್ ಪುಡಿ. ಕೆಮ್ಮಣ್ಣಿಲ್ಲ.

ಎರಡನೆಯದೂ ಬೂದು. ಮೂರನೆಯದೂ ಬೂದು.

ನಾಲ್ಕನೆಯದು ಬಲಗಡೆಯ ಕೆಳಗಿನ ಗುರುತು. ತಿಮ್ಮಕ್ಕನ ಲೆಕ್ಕದಲ್ಲಿ ಚೆಂಬು ಇದ್ದದ್ದು ಸರಿಯಾಗಿ ಅಲ್ಲೇ. ಇನ್ನು ಮುಗಿಯಿತು ಎಂದುಕೊಂಡಳು. ಡ್ರಿಲ್ಲು ಒಳಗೆ ಇಳಿಯಿತು, ಮತ್ತೂ ಇಳಿಯಿತು, ಹೊರಗೆ ಬಂತು. ಬೂದು ಪುಡಿಯೇ.

ಒಂದು ಗಳಿಗೆ ಜೀವ ಬಂದಂತಾಯಿತು ಅವಳಿಗೆ. ಮರುಗಳಿಗೆಯೇ ಬೇರೆ ಪ್ರಶ್ನೆ ಎದ್ದಿತು. ಅಲ್ಲಿ ಇಲ್ಲ ಅಂದರೆ ಚೆಂಬು ಎಲ್ಲಿ ಹೋಯಿತು? ಗುಂಡಣ್ಣ! ಅವಳು ಬೆನ್ನು ತಿರುಗಿಸಿದ ಮೇಲೆ ಗಾರೆ ಹಸಿಯಿರುವಾಗಲೇ ತೆಗೆದಿರಬೇಕು. ಬೆಳ್ಳಿ, ಚಿನ್ನ ಇದೆಯೆಂದು ಅವನಿಗೆ ಗೊತ್ತಿತ್ತಲ್ಲ. ಈ ಮನೆಗೆ ಬಂದಾಗಿನಿಂದ ದಿನಾ ಬೆಳಿಗ್ಗೆ ಎದ್ದು ಬರೀ ಸಿಮೆಂಟಿಗೆ ಕೈಮುಗಿದೆನಲ್ಲ ಎಂದುಕೊಂಡು ತಿಮ್ಮಕ್ಕ ಸೋಫಾದ ತುದಿಯಲ್ಲಿ ಕುಸಿದು ಕುಳಿತಳು. ಕಣ್ಣಲ್ಲಿ ನೀರು ಬಂತು.

ಬಸವಂತ ಡ್ರಿಲ್ಲು ಬಿಟ್ಟು ಓಡಿ ಬಂದ. "ಯಾಕ್ರಿ ಅಮ್ಮಾರ, ಏನಾತ್ರಿ? ನನ್ನಿಂದ ಏನರ ತಪ್ಪಾತೇನ್ರಿ?"

"ನಿನ್ನಿಂದ ಏನೂ ಇಲ್ಲಪ್ಪಾ."

"ಹಂಗಂದ್ರ ಯಾಕ ಅಳಾಕತ್ತೀರಿ? ಹೇಳ್ರಿ. ಮ್ಯಾಲಿನೋರಿಗೆ ನನ್ನ ಮ್ಯಾಲೆ ಇನ್ನೊಂದು ಕಂಪ್ಲೇಂಟ್ ಹೋತಂದ್ರ ನನ್ನ ಕೆಲಸಾ ಉಳಿಯಂಗಿಲ್ರಿ."

ಮನೆಯವರಿಗೆ ಹೇಳಲಾಗದ್ದನ್ನು ಕೆಲವೊಮ್ಮೆ ಮತ್ತೆಂದೂ ಕಾಣಸಿಗದ ಒಬ್ಬನಿಗೆ ಹೇಳುವುದು ಸುಲಭ. ತಿಮ್ಮಕ್ಕ ರೂಮಿನ ಮುಚ್ಚಿದ ಬಾಗಿಲನ್ನೊಮ್ಮೆ ನೋಡಿ, ದನಿ ತಗ್ಗಿಸಿ, ಎಲ್ಲ ಹೇಳಿದಳು. ಹಳೆಯ ಮನೆ, ಜೆ.ಸಿ.ಬಿ., ಗಂಡನ ಚೆಂಬು, ಮಗನ ಮಾತು, ಬೆರಳು ಮಡಿಸಿ ಹತ್ತಿದ ಮೆಟ್ಟಿಲು, ಗುಂಡಣ್ಣನ ಗಾರೆ. ಹೇಳುತ್ತಾ ಹೋದಂತೆ ಬಸವಂತನ ಮುಖ ಏನೇನೋ ಆಗುತ್ತಿತ್ತು. ಚೆಂಬು ಎಂದಾಗ ಅವನು ಡ್ರಿಲ್ಲಿನತ್ತ ತಿರುಗಿ ನೋಡಿದ. ತಾಮ್ರ ಎಂದಾಗ ನೆಲಕ್ಕೇ ಕುಳಿತ.

"ಅಮ್ಮಾರ, ಚೆಂಬಿನ ಸುತ್ತಾ ಮಣ್ಣು ಇಟ್ಟಿದ್ರೇನ್ರಿ? ಕೆಂಪ ಮಣ್ಣು?"

"ಹೂಂ ಕಣಪ್ಪ, ನಮ್ಮ ಹೊಲದ್ದು. ನಿಂಗೆ ಹೆಂಗೆ ಗೊತ್ತು?"

ಅವನು ಎರಡೂ ಕೈಯಿಂದ ಮುಖ ಉಜ್ಜಿಕೊಂಡ. "ಎಂಟ ದಿನಾ ಆತ್ರಿ, ನನಗ ಒಂದ ತುತ್ತು ಅನ್ನ ನೆಟ್ಟಗ ಇಳದಿಲ್ಲ. ಹೋದ ವಾರ ಇದ ಬಿಲ್ಡಿಂಗಿನ್ಯಾಗ, ನಿಮ್ಮ ಕೆಳಗಿನ ಮನ್ಯಾಗ, ಒಂಬೈನೂರಾ ಮೂರರಾಗ ಟಿ.ವಿ. ಹಚ್ಚಾಕ ಬಂದಿದ್ನಿರಿ. ಇದ ಗ್ವಾಡಿ, ಇದ ಜಾಗಾ. ನಾಕನೇ ತೂತು ಹಾಕುವಾಗ ಟಣ್ ಅಂತ್ರಿ. ಗಾಬರಿಯಾಗಿ ಹೊರಗ ಜಗ್ಗಿದ್ರ, ತುದಿಗೆ ಕೆಂಪ ಮಣ್ಣು, ಅದರಾಗ ತಾಮ್ರದ ಮಿಂಚು. ಸತ್ನೆಪಾ, ಎ.ಸಿ.ದ ತಾಮ್ರದ ಪೈಪ ಒಡದ್ನಿ ಅಂತ ಅನಕೊಂಡ್ನಿ. ಮನಿಯವ್ರು ಅಡಗಿಮನ್ಯಾಗ ಇದ್ರು. ಯಾರಿಗೂ ಹೇಳಲಿಲ್ರಿ. ತೂತಿಗೆ ಬಿಳೇ ಸಿಮೆಂಟ ತುಂಬಿ, ಒಂದ ಗೇಣು ಆಚೆ ಸರಿಸಿ ಟಿ.ವಿ. ಹಚ್ಚಿ ಓಡಿ ಬಂದ್ನಿ. ಅವತ್ತಿನಿಂದ ಫೋನ ಬಂದ್ರ ಸಾಕು, ಎ.ಸಿ. ಕೆಟ್ಟೈತಿ ಅಂತ ಅವರ ಮಾಡ್ಯಾರ ಅಂತ ಜೀವಾ ಬಾಯಿಗೆ ಬರತೈತಿ."

ತಿಮ್ಮಕ್ಕನಿಗೆ ಮೊದಲು ಅರ್ಥವೇ ಆಗಲಿಲ್ಲ. "ಒಂಬತ್ತನೇ ಮಹಡೀಲಾ? ನಾನು ಇಟ್ಟಿದ್ದು ಹತ್ತರಲ್ಲಿ. ಎಣಿಸಿ ಇಟ್ಟಿದ್ದೀನಿ. ಕೆಳಗಿನದು ಒಂದು..."

"ಅಲ್ಲೇ ನೋಡ್ರಿ ತಪ್ಪಿದ್ದು! ಲಿಫ್ಟಿನ್ಯಾಗ ಕೆಳಗಿನದಕ್ಕ ಒಂದು ಅನ್ನಂಗಿಲ್ರಿ, ಜಿ ಅಂತಾರ. ಅದರ ಮ್ಯಾಲಿಂದು ಒಂದು. ನೀವು ಹತ್ತು ಎಣಿಸಿದ್ದು ಇವರ ಲೆಕ್ಕದಾಗ ಒಂಬತ್ತು."

ತಿಮ್ಮಕ್ಕ ತನ್ನ ಹತ್ತೂ ಬೆರಳನ್ನು ಮುಂದೆ ಹಿಡಿದು ನೋಡಿಕೊಂಡಳು. ಹೆಬ್ಬೆರಳನ್ನು ಮಡಿಸಿದಳು, ಮತ್ತೆ ಬಿಡಿಸಿದಳು. ಮನುಷ್ಯರು ನಿಂತಿರುವ ನೆಲವನ್ನೇ ಲೆಕ್ಕಕ್ಕೆ ಹಿಡಿಯದ ಜನವೂ ಉಂಟೇ? ಅವಳಿಗೆ ಲಿಫ್ಟು ಮಾಡಿದವನ ಮೇಲೆ ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ, ಪಾಪ, ಗುಂಡಣ್ಣನನ್ನು ಕಳ್ಳನೆಂದುಕೊಂಡೆನಲ್ಲ ಎಂದು ನಾಚಿಕೆಯಾಯಿತು. ನಾಚಿಕೆಯ ಹಿಂದೆ ಭಯ.

"ಚೆಂಬಿಗೆ ಏನಾಯ್ತೋ? ತೂತು ಬಿತ್ತಾ?"

"ಇಲ್ರಿ, ಆಣಿ ಮಾಡಿ ಹೇಳ್ತೇನಿ. ಟಣ್ ಅಂದ ಕೂಡ್ಲೆ ಕೈ ಬಿಟ್ಟೇನಿ. ಸಣ್ಣ ತಗ್ಗು ಬಿದ್ದಿರಬೇಕು ಅಷ್ಟ. ತೂತು ಬಿದ್ರ ಡ್ರಿಲ್ಲು ಒಳಗ ಜಾರತೈತಿ, ನಮ್ಮ ಕೈಗೆ ಗೊತ್ತಾಗತೈತ್ರಿ."

"ಮಣ್ಣು? ಹೊರಗೆ ಬಿದ್ದ ಮಣ್ಣು ಏನು ಮಾಡಿದೆ? ಕಸಕ್ಕೆ ಹಾಕಿದ್ಯಾ?"

"ಇಲ್ರಿ ಅಮ್ಮಾರ." ಬಸವಂತ ತಪ್ಪು ಮಾಡಿದವನಂತೆ ತಲೆ ತಗ್ಗಿಸಿದ. "ಒಂಬತ್ತನೇ ಮಹಡಿ ಗ್ವಾಡಿಯಾಗ ಹೊಲದ ಮಣ್ಣು ಹ್ಯಾಂಗ ಬಂತು ಅಂತ ತಿಳೀಲಿಲ್ಲ. ಆದ್ರ ಮಣ್ಣಲ್ರಿ, ಕಸದ ಡಬ್ಬಿಗೆ ಹಾಕಾಕ ಮನಸ ಬರಲಿಲ್ಲ. ಅವರ ಬಾಲ್ಕನ್ಯಾಗ ತುಳಸಿ ಕುಂಡ ಇತ್ತು. ಅದರಾಗ ಹಾಕಿ ಬಂದೇನಿ."

ಅದನ್ನು ಕೇಳಿ ತಿಮ್ಮಕ್ಕ ಅವನ ತಲೆಯ ಮೇಲೆ ಕೈಯಿಟ್ಟಳು. ಕಣ್ಣೀರು ಇನ್ನೂ ಕೆನ್ನೆಯ ಮೇಲಿರುವಾಗಲೇ ನಗು ಬಂತು. ಬಸವಂತನಿಗಂತೂ ಎಂಟು ದಿನದಿಂದ ಕಟ್ಟಿಕೊಂಡಿದ್ದ ನಗು. ಪೈಪಲ್ಲ, ಪೈಪಲ್ಲ ಎನ್ನುತ್ತಾ ಹೊಟ್ಟೆ ಹಿಡಿದುಕೊಂಡು ನಕ್ಕ. ಹೊಟ್ಟೆ ಹಗುರವಾದ ಮೇಲೆ, ಆಗ ಮುಟ್ಟದೆ ಇಟ್ಟಿದ್ದ ಚಕ್ಕುಲಿಯನ್ನೆಲ್ಲ ಅವನೊಬ್ಬನೇ ತಿಂದು ಮುಗಿಸಿದ. ತಿಮ್ಮಕ್ಕ ಇನ್ನೊಂದು ಹಿಡಿ ತಂದು ಹಾಕಿದಳು.

ಅವಳಿಗೆ ಉಳಿದದ್ದು ಒಂದೇ ಕೊರಗು. ಚೆಂಬು ಸುಖವಾಗಿದೆ, ಸರಿ. ಆದರೆ ಇರುವುದು ಯಾರದೋ ಮನೆಯಲ್ಲಿ. ತನ್ನ ಮನೆಗೆ ಪಾಯವಿಲ್ಲ ಎಂಬುದು ಹಾಗೆಯೇ ಉಳಿಯಿತಲ್ಲ.

ಒಂದು ಗಂಟೆಗೆ ಬೈರಣ್ಣ ಬಂದ. ಐವತ್ತು ದಾಟಿದ ದಪ್ಪ ಮನುಷ್ಯ. ಅಂಗಿಯ ತೋಳು ಮಡಿಸಿ, ಬಸವಂತ ಹೇಳಿದ ಕಡೆ ಹಿಡಿದು, ಹೇಳಿದಾಗ ಎತ್ತಿ, ಟಿ.ವಿ.ಯನ್ನು ಚೌಕಟ್ಟಿಗೆ ಕೂರಿಸಿದ. ಗೌರಮ್ಮನೂ ರೂಮಿನಿಂದ ಹೊರಗೆ ಬಂದು, ಸೆರಗಿನಿಂದ ಮೂಗು ಮುಚ್ಚಿಕೊಂಡು ನಿಂತಳು. ಬಸವಂತ ಸ್ಕ್ರೂ ಬಿಗಿದು, ಮಟ್ಟ ನೋಡಿ, ಹಿಂದೆ ಸರಿದ.

"ಗೋಡೆ ತಡೀತದೇನಪ್ಪಾ? ಇಷ್ಟು ಭಾರ ಐತೆ" ಎಂದ ಬೈರಣ್ಣ.

ಚೆಂಬಿನ ಸುದ್ದಿ ಸಿಕ್ಕ ಸಂತೋಷಕ್ಕೆ ನಾಲಿಗೆ ಸಡಿಲವಾಗಿತ್ತೋ ಏನೋ, ಬಸವಂತ ಬಾಯಿ ತೆರೆಯುವ ಮೊದಲೇ ತಿಮ್ಮಕ್ಕ, "ಯಾಕೆ ತಡೆಯಲ್ಲ? ಪಾಯ ಗಟ್ಟಿ ಐತೆ" ಎಂದುಬಿಟ್ಟಳು.

ಬೈರಣ್ಣ ಗೋಡೆಯಿಂದ ಕೈ ತೆಗೆದ. ಹೋಗಿ ಸೋಫಾದ ಮೇಲೆ ಕುಳಿತು, ಮಡಿಸಿದ್ದ ತೋಳನ್ನು ಸುಮ್ಮನೆ ಬಿಡಿಸತೊಡಗಿದ. "ನೀನು ಪಾಯ ಅಂದಾಗೆಲ್ಲ ನಂಗೆ ಕರುಳು ಹಿಂಡಿದಂಗಾಗ್ತದಮ್ಮ" ಎಂದ. "ಅಪ್ಪ ಕೈಯಾರೆ ಇಟ್ಟಿದ್ದ ಚೆಂಬು. ಬಾಯಿಗೆ ಬಂದಂಗೆ ಕೆರೇಲಿ ಬಿಡು ಅಂದ್ಬಿಟ್ಟೆ. ನೀನು ನಿಜವಾಗ್ಲೂ ಬಿಟ್ಟು ಬರ್ತೀಯ ಅಂದ್ಕೊಂಡಿರಲಿಲ್ಲ. ಹೋದ ಬೇಸಿಗೇಲಿ ಊರ ಕೆರೆ ಹೂಳು ತೆಗೆದ್ರಲ್ಲ, ನಾಲ್ಕು ದಿನ ಏರಿ ಮೇಲೆ ನಿಂತಿದ್ದೆ. ಮಣ್ಣು ಲಾರಿಗೆ ತುಂಬೋವಾಗ ಎಲ್ಲಾದ್ರೂ ಕಣ್ಣಿಗೆ ಬಿದ್ದೀತು ಅಂತ. ಸಿಗಲಿಲ್ಲ."

ತಿಮ್ಮಕ್ಕನಿಗೆ ನೆನಪಾಯಿತು. ಆ ನಾಲ್ಕು ದಿನ ಅವನು ಕೆಸರು ಚಪ್ಪಲಿಯಲ್ಲಿ ಮನೆಗೆ ಬಂದಿದ್ದ. ಹೊಸ ನೆಲ ಹಾಳು ಮಾಡುತ್ತೀರ ಎಂದು ಗೌರಮ್ಮ ಬೈದಿದ್ದಳು. ಅವನು ಕಾರಣ ಹೇಳದೆ ಚಪ್ಪಲಿ ತೊಳೆದು ಒಣಗಿಸಿದ್ದ. ಸುಳ್ಳು ಹೇಳಿ ಅವನ ಮೇಲೆ ಹಗೆ ತೀರಿಸಿಕೊಂಡೆನೆಂದುಕೊಂಡಿದ್ದ ಅವಳಿಗೆ ಈಗ ಅವನನ್ನು ಸಣ್ಣ ಮಗುವಿನಂತೆ ತೊಡೆಯ ಮೇಲೆ ಮಲಗಿಸಿಕೊಳ್ಳಬೇಕೆನಿಸಿತು.

"ನಾನು ಬಿಡಲಿಲ್ಲ ಕಣೋ ಬೈರಾ" ಎಂದಳು. "ಸುಳ್ಳು ಹೇಳಿದೆ. ಇಲ್ಲೇ ಐತೆ."

"ಇಲ್ಲೇ ಅಂದ್ರೆ? ಎಲ್ಲಿ?"

ಅವಳು ಎದ್ದು ನಿಂತು, ಹಿಮ್ಮಡಿಯಿಂದ ನೆಲವನ್ನು ಎರಡು ಸಲ ಕುಟ್ಟಿದಳು. "ಇಲ್ಲಿ. ಕೆಳಗೆ."

ಮುಂದಿನ ಕಾಲು ಗಂಟೆ ಆ ಮನೆಯಲ್ಲಿ ಮೂವರೂ ಒಟ್ಟಿಗೇ ಮಾತಾಡಿದರು. ಬೆರಳೆಣಿಕೆಯ ವಿಷಯ ಬಂದಾಗ ಗೌರಮ್ಮ ಸೀನುವುದನ್ನೂ ಮರೆತು ನಕ್ಕಳು. ಬಸವಂತ ಗೋಡೆಯತ್ತ ತಿರುಗಿಕೊಂಡು, ಬಿಗಿದಿದ್ದ ಸ್ಕ್ರೂಗಳನ್ನೇ ಮತ್ತೆ ಬಿಗಿಯುತ್ತಿದ್ದ. ಅವನ ಡ್ರಿಲ್ಲಿನ ಸಂಗತಿ ಬಂದಾಗ ತಿಮ್ಮಕ್ಕ, "ಈ ಮಗು ಇಲ್ದಿದ್ರೆ ನಂಗೆ ಈ ಜನ್ಮದಲ್ಲಿ ಗೊತ್ತಾಗ್ತಿರಲಿಲ್ಲ" ಎಂದಷ್ಟೇ ಹೇಳಿ ಮುಗಿಸಿದಳು. ಎಲ್ಲ ಕೇಳಿದ ಬೈರಣ್ಣ ಕಣ್ಣೊರೆಸಿಕೊಂಡು, ಚಪ್ಪಲಿ ಹುಡುಕುತ್ತಾ ಎದ್ದ.

"ಕೆಳಗಿನವರು ಒಳ್ಳೇ ಜನ. ಈಗ್ಲೇ ಹೋಗಿ ಹೇಳ್ತೀನಿ. ಗೋಡೆ ಒಡೆದು ತೆಗೆಸಿ, ಮತ್ತೆ ಹೊಸದಾಗಿ ಮಾಡಿಸಿಕೊಡಾನ. ನಮ್ಮ ಮನೇಲಿ ಇರ್ಲಿ."

ತಿಮ್ಮಕ್ಕ ಹೂಂ ಎನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ಕಾಲ ಕೆಳಗಿನ ನೆಲ ಕಣ್ಣಿಗೆ ಬಿತ್ತು. ಅವಳ ಮುಖ ನಿಧಾನಕ್ಕೆ ಅರಳಿತು.

"ಬ್ಯಾಡ ಕಣೋ, ಕೂತ್ಕೋ" ಎಂದಳು. "ಪಾಯ ಇರಬೇಕಾದ್ದು ಕೆಳಗೇ ಅಲ್ವಾ? ನಾನೇ ಸರಿಯಾಗಿ ಇಟ್ಟಿದ್ದೀನಿ."

ಬೈರಣ್ಣ ಚಪ್ಪಲಿ ಬಿಟ್ಟು ಬಂದು ತಾಯಿಯ ಪಕ್ಕದಲ್ಲಿ ಕುಳಿತ. ಅವಳು ಅವನ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು, ಗೋಡೆಯ ಕಡೆ ನೋಡಿ, ಬಸವಂತನಿಗೆ ಹೇಳಿದಳು:

"ಇನ್ನು ಹಚ್ಚಪ್ಪಾ."